ಒಳಗೆ ಕೆಂಪು, ಹೊರಗೆ ತುರಿಕೆ

ನಾನು ಸಿಟ್ಟಿನಿಂದ ಕೈ ಹಾಕಿದ ಕೆಲಸವೆಲ್ಲ ಕೊನೆಗೆ ಊರವರು ನಗುವ ಹಾಗೆಯೇ ಮುಗಿಯುತ್ತದೆ. ಇದು ಇವತ್ತು ನಿನ್ನೆಯ ಕಥೆಯಲ್ಲ. ಗೇಣಿದಾರರ ಸಭೆಯಲ್ಲಿ ನಾನು ಮೇಜು ಗುದ್ದಿದರೆ ಮೇಜು ಮುರಿಯುತ್ತಿತ್ತು. ಅದು ನಾವೇ ಎರವಲು ತಂದ ಮೇಜಾಗಿರುತ್ತಿತ್ತು.

ಶಾಲೆಗೆ ಹೋದವನಲ್ಲ ನಾನು. ಅಕ್ಷರ ಕಲಿತದ್ದು ಮುಳುಗಡೆಯ ನೋಟೀಸಿನಲ್ಲಿ. ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ವರ್ಷ ಸರ್ಕಾರದವರು ನಮ್ಮೂರ ದಾರಿಯ ಮರಕ್ಕೆ ಒಂದು ಕಾಗದ ಹೊಡೆದು ಹೋದರು. ಓದಿ ಹೇಳುವವರು ಊರಲ್ಲಿ ಯಾರೂ ಇರಲಿಲ್ಲ. ದಿನಾ ಅದರ ಮುಂದೆ ನಿಂತೆ. ದಾರಿಹೋಕರನ್ನು ತಡೆದು ಕೇಳಿ ಕೇಳಿ ಒಂದೊಂದೇ ಅಕ್ಷರ ಕೂಡಿಸಿದೆ. ಪೂರ್ತಿ ಓದಲು ಬರುವಷ್ಟರಲ್ಲಿ ನೀರು ಮರದ ಬುಡಕ್ಕೆ ಬಂದಿತ್ತು.

ಜಮೀನಿನ ಒಡೆಯರಿಗೆ ಬೇರೆ ಕಡೆ ಜಮೀನು ಸಿಕ್ಕಿತು. ಅದೇ ಜಮೀನನ್ನು ಮೂರು ತಲೆಮಾರು ಉತ್ತ ನಮಗೆ, ನಾವು ಅಲ್ಲಿದ್ದೆವು ಎನ್ನುವುದಕ್ಕೆ ಒಂದು ಚೀಟಿಯೂ ಇರಲಿಲ್ಲ. ಸಾಗರದ ಹೊರಗೆ ಒಂದು ಗುಡಿಸಲು ಹಾಕಿಕೊಂಡೆವು, ನಾನು ಮತ್ತು ಅವ್ವ. ಅಕ್ಕ ಮಾತ್ರ ಆಚೆ ದಡದಲ್ಲೇ ಉಳಿದಳು. ಅವಳನ್ನು ಕೊಟ್ಟದ್ದು ಹೊಳೆಯ ಆಚೆಗೆ. ನೀರು ಬರುವ ಮೊದಲು ಅದು ದೂರವೇ ಅಲ್ಲ. ಅವ್ವ ಒಲೆಯ ಮೇಲೆ ಅನ್ನಕ್ಕೆ ಎಸರಿಟ್ಟು, ಕಾಲುಸಂಕ ದಾಟಿ, ಮಗಳನ್ನು ಮಾತಾಡಿಸಿ, ಎಸರು ಕುದಿಯುವುದರೊಳಗೆ ಬರುತ್ತಿದ್ದಳು. ಹೋಗಲಾಗದ ದಿನ ಹಿತ್ತಿಲಲ್ಲಿ ನಿಂತು ಕೂ ಹಾಕುತ್ತಿದ್ದಳು. ಆಚೆಯಿಂದ ಅಕ್ಕನ ಕೂ ಬರುತ್ತಿತ್ತು. ನೀರು ನಿಂತ ಮೇಲೆ ಕೂ ಆಚೆಗೆ ಮುಟ್ಟುವುದು ನಿಂತಿತು. ಸುತ್ತಿ ಹೋಗುವುದೆಂದರೆ ಸಾಗರದಿಂದ ಹೊಸನಗರ, ಅಲ್ಲಿಂದ ನಿಟ್ಟೂರು, ನಿಟ್ಟೂರಿನಿಂದ ಕಾಡುದಾರಿಯಲ್ಲಿ ನಡಿಗೆ. ಎರಡು ದಿನ. ಅವ್ವ ತೀರಿಕೊಂಡಾಗ ಅಕ್ಕನಿಗೆ ಸುದ್ದಿ ಮುಟ್ಟಿದ್ದು ಹದಿಮೂರನೇ ದಿನಕ್ಕೆ.

ಅಂದಿನಿಂದ ನನಗೆ ಬೇಕಾಗಿದ್ದದ್ದು ಒಂದೇ. ಒಂದು ದೋಣಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ನಮ್ಮಪ್ಪ ಒಡೆಯರ ಅಂಗಳದಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ. ಅದನ್ನು ಕಂಡವನು ನಾನು. ಯಾರ ಮುಂದೆಯೂ ಚಪ್ಪಲಿ ಬಿಡುವುದಿಲ್ಲ ಎಂದು ಶಪಥ ಮಾಡಿದ್ದೆ. ಅವ್ವನಿಗೂ ಹೇಳಿದ್ದೆ. ಅವಳು ಅಂದಿದ್ದಳು: "ಒಡೇರ ಮುಂದೆ ಹಾಕ್ಕಂಡೇ ನಿಂತ್ಕ, ನಂಗೂ ಖುಷಿನೇ. ನನ್ನ ಒಲೆ ಮುಂದೆ ಬಂದ್ರೆ ಮಾತ್ರ ಕಾಲು ಮುರೀತೀನಿ."

ಗೋಡೆಗೆ ಮುಂಚೆ ಸುಣ್ಣ

ಸಾಗರದ ರೈಲು ಸ್ಟೇಷನ್ನಿನ ಹಿಂದೆ, ಅಣೆಕಟ್ಟಿನ ಕಂಟ್ರಾಕ್ಟರರು ಬಿಟ್ಟುಹೋದ ತಗಡಿನ ಶೆಡ್ಡಿನಲ್ಲಿ, ಮುಂಬಯಿಗೆ ಹೋಗಿ ಕೆಲಸ ಕಲಿತು ಬಂದ ಒಬ್ಬರು ಫೈಬರ್ ಕೆಲಸ ಶುರುಮಾಡಿದರು. ಅವರನ್ನು ನಾವು ಯಜಮಾನರು ಎನ್ನುತ್ತಿದ್ದೆವು. ಗಾಜಿನ ನೂಲನ್ನು ಒತ್ತಿ ಮಾಡಿದ ಚಾಪೆ. ಅದಕ್ಕೆ ಕುಡಿಸಲು ಡ್ರಮ್ಮಿನಲ್ಲಿ ಬರುವ ರಾಳ. ಅಚ್ಚಿನ ಮೇಲೆ ಚಾಪೆ ಹಾಸಿ ರಾಳ ಬಳಿದರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಸ್ಸಿನ ಮಡ್‌ಗಾರ್ಡು, ದೀಪದ ಮೇಲಿನ ಗೂಡು, ಮುಂದಿನ ಬೋರ್ಡು ಕೂರುವ ಉಬ್ಬು ಹಣೆ, ಎಲ್ಲ ಅದರಲ್ಲೇ. ಮರ ಬಗ್ಗದ ಕಡೆ, ತಗಡು ಸೀಳುವ ಕಡೆ, ಇದು ಬಗ್ಗುತ್ತದೆ. ಕೆಂಪು, ಹಸಿರು, ಹಳದಿ, ಕೇಳಿದ ಬಣ್ಣದಲ್ಲಿ ಬರುತ್ತದೆ.

"ಇದಕ್ಕೆ ನೀರು ಹಿಡಿಯೂದಿಲ್ಲ. ಮುಂಬಯಲ್ಲಿ ಇದ್ರಲ್ಲೇ ದೋಣಿ ಮಾಡ್ತಾರೆ" ಎಂದು ಯಜಮಾನರು ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಮರುದಿನವೇ ಹೋಗಿ ಸೇರಿಕೊಂಡೆ.

ಮರದ ಅಚ್ಚು ಕೆತ್ತಲು ತೀರ್ಥಹಳ್ಳಿ ಕಡೆಯ ಒಬ್ಬ ಆಚಾರ್ರನ್ನು ಕರೆಸಿದ್ದರು. ಅರವತ್ತು ದಾಟಿದ ಮನುಷ್ಯ. ಉಳಿ ಹಿಡಿದರೆ ಮರ ಅವರ ಮಾತು ಕೇಳುತ್ತಿತ್ತು. ಅವರು ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಫೈಬರ್ ಕೆಲಸದ ಕ್ರಮವೇ ಹಿಂದುಮುಂದು. ಅಚ್ಚು ಅಂದರೆ ಒಂದು ತಗ್ಗು, ಇಡ್ಲಿ ತಟ್ಟೆಯ ಗುಳಿಯ ಹಾಗೆ. ಅದಕ್ಕೆ ಮೊದಲು ಮೇಣ ಸವರಬೇಕು. ಆಮೇಲೆ ಬಣ್ಣ. ಆಮೇಲೆ ಚಾಪೆ ಮತ್ತು ರಾಳ. ಗಟ್ಟಿಯಾದ ಮೇಲೆ ಅಚ್ಚಿನಿಂದ ಎಬ್ಬಿಸಿದರೆ, ಮೊದಲು ಬಳಿದ ಬಣ್ಣ ಹೊರಮೈಯಾಗಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಯಜಮಾನರು ಇದನ್ನು ಹೇಳಿ ಶಿವಮೊಗ್ಗಕ್ಕೆ ಹೋದರು.

ಆಚಾರ್ರು ನನ್ನ ಮುಖ ನೋಡಿದರು. "ಮೊದ್ಲು ಬಣ್ಣ, ಆಮೇಲೆ ವಸ್ತು. ಗೋಡೆಗೆ ಮುಂಚೆ ಸುಣ್ಣ ಹೊಡೆಯೋ ದೇಶ ಯಾವ್ದೋ ಅದು? ಪಾಪ, ಮುಂಬಯಿ ಬಿಸಿಲಿಗೆ ತಲೆ ಕೆಟ್ಟಿದೆ. ಊರವರ ಮುಂದೆ ಅವ್ರ ಮರ್ಯಾದೆ ಹೋಗೂದು ಬೇಡ. ನಾವೇ ಸರಿ ಮಾಡನ."

ಸರಿ ಮಾಡಿದೆವು. ಮೊದಲು ಚಾಪೆ, ರಾಳ. ಕೊನೆಗೆ ಕೈ ನಡುಗಿಸದೆ ಎರಡು ಕೋಟು ಕೆಂಪು. ಅದು ತೀರ್ಥಹಳ್ಳಿ, ಅರಳಸುರಳಿ, ಹೊಸನಗರಕ್ಕೆ ಓಡುವ ಒಂದು ಬಸ್ಸಿನ ಮಡ್‌ಗಾರ್ಡು. ಯಜಮಾನರು ಬಂದು ಎಬ್ಬಿಸಿದರೆ ಹೊರಮೈ ಹಳೇ ಹುಣ್ಣಿನ ಹಾಗೆ ಬೆಳ್ಳಗೆ, ಕೆಂಪೆಲ್ಲ ಚಕ್ರದ ಕಡೆಗೆ.

"ಆಚಾರ್ರೇ, ಬಣ್ಣ ಎಲ್ಲಿ?"

"ಒಳಗಿದೆ ಯಜಮಾನ್ರೇ."

"ಒಳಗೆ ಯಾರು ನೋಡ್ತಾರೆ?"

ಆಚಾರ್ರು ತಡವರಿಸಲಿಲ್ಲ. "ಬಸ್ಸಿನಡಿ ಮಲಗಿ ರಿಪೇರಿ ಮಾಡ್ತಾನಲ್ಲ, ಅವ. ಅವನ ಬಗ್ಗೆ ಇಲ್ಲೀವರ್ಗೆ ಯಾರಾದ್ರೂ ಯೋಚ್ನೆ ಮಾಡಿದಾರಾ?"

ಕೂಲಿಕಾರರ ಪರವಾಗಿ ನಾನು ಎಷ್ಟೋ ಭಾಷಣ ಮಾಡಿದ್ದೇನೆ. ಅಂಥ ಒಂದು ವಾಕ್ಯ ನನ್ನ ಬಾಯಿಂದ ಬಂದಿರಲಿಲ್ಲ.

ಅವ್ವನ ಲೆಕ್ಕದ ಹೆಪ್ಪು

ರಾಳ ತನ್ನಷ್ಟಕ್ಕೆ ಗಟ್ಟಿಯಾಗುವುದಿಲ್ಲ. ಅದಕ್ಕೆ ಇನ್ನೊಂದು ನೀರಿನಂಥ ಮದ್ದನ್ನು ಹನಿ ಎಣಿಸಿ ಬೆರೆಸಬೇಕು. ಅದರ ಇಂಗ್ಲಿಷ್ ಹೆಸರು ಒಂದು ಮೊಳ ಉದ್ದ ಇತ್ತು. ನಾವು ಹೆಪ್ಪು ಎಂದೆವು. ಹಾಲಿಗೆ ಹೆಪ್ಪು, ರಾಳಕ್ಕೆ ಹೆಪ್ಪು. ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಯಿತು. ಎಡವಟ್ಟಾದದ್ದು ಅಲ್ಲೇ.

ಆಷಾಢದ ಮಳೆ ಹಿಡಿಯಿತು. ಚಳಿಗೆ, ತಂಡಿಗೆ ರಾಳ ಗಟ್ಟಿಯಾಗಲೇ ಒಪ್ಪಲಿಲ್ಲ. ಮೂರು ದಿನ ಬಿಟ್ಟು ಮುಟ್ಟಿದರೂ ಹಲಸಿನ ಹಣ್ಣಿನ ಮೇಣದ ಹಾಗೆ ಅಂಟು. ಯಜಮಾನರು ಊರಲ್ಲಿರಲಿಲ್ಲ. ನಾವು ನಾಲ್ಕು ಜನ ಸುತ್ತ ಕುಳಿತು ಯೋಚಿಸಿದೆವು. ಮಳೆಗಾಲದಲ್ಲಿ ನಮ್ಮ ಅವ್ವಂದಿರು ಏನು ಮಾಡುತ್ತಿದ್ದರು? ಹೆಪ್ಪು ಜಾಸ್ತಿ ಹಾಕಿ, ಗಡಿಗೆಗೆ ಕಂಬಳಿ ಸುತ್ತಿ, ಒಲೆಯ ಪಕ್ಕ ಇಡುತ್ತಿದ್ದರು. ನಮ್ಮವ್ವ ನನ್ನ ಮೈಮೇಲಿನ ಕಂಬಳಿಯನ್ನೇ ಎಳೆದು ಮೊಸರಿನ ಗಡಿಗೆಗೆ ಹೊದಿಸುತ್ತಿದ್ದಳು. "ನೀ ಒಂದು ರಾತ್ರೆ ನಡುಗಿದ್ರೆ ಸಾಯೂದಿಲ್ಲ, ಮೊಸರು ಕೆಟ್ರೆ ನಾಳೆ ಎಂತ ಉಣ್ತೀ?" ಎನ್ನುತ್ತಿದ್ದಳು. ಆ ಗಡಿಗೆ ಇಡುತ್ತಿದ್ದ ಮೂಲೆ ಈಗ ನೀರಿನಡಿ ಇದೆ. ನನ್ನ ಕೈಗೆ ಮಾತ್ರ ಅದರ ಲೆಕ್ಕ ನೆನಪಿತ್ತು.

ಬಕೀಟಿನ ತುಂಬ ರಾಳ ತೆಗೆದು, ಮೂರು ಪಟ್ಟು ಹೆಪ್ಪು ಹಾಕಿ ಕಲಕಿದೆ. ನನ್ನ ಕಂಬಳಿಯನ್ನೇ ಸುತ್ತಿದೆ. ಇದ್ದಲಿನ ಒಲೆಯಿಂದ ನಾಲ್ಕು ಮಾರು ದೂರ ಇಟ್ಟೆ. ಅಷ್ಟು ಬುದ್ಧಿ ಹೇಗೆ ಬಂತೋ ತಿಳಿಯದು. ಅದೇ ನಮ್ಮನ್ನು ಉಳಿಸಿತು.

ಮೊದಲು ಬಕೀಟು ಗೊಣಗಿತು. ಆಮೇಲೆ ಬುಸುಗುಟ್ಟಿತು. ಆಮೇಲೆ ಹೊಗೆ. ಕಣ್ಣು ಬಿಡಲಾರದಂಥ ಹೊಗೆ. ಆಚಾರ್ರು ಬಿಳೀ ಪಂಚೆ ಎತ್ತಿ ಕಟ್ಟಿ ಮಳೆಯಲ್ಲೇ ಸ್ಟೇಷನ್ನಿನ ಕಡೆ ಓಡಿದರು. ರೈಲಿಗೆ ಕಾಯುತ್ತಿದ್ದ ಜನ, ಹೊಗೆ ಕಂಡಿತಲ್ಲ, ಗಾಡಿ ಬಂತು ಎಂದು ಗಂಟುಮೂಟೆ ಎತ್ತಿಕೊಂಡು ನಿಂತರಂತೆ.

ಯಜಮಾನರು ಬಂದಾಗ ಅಂಗಳದಲ್ಲಿ ಬಕೀಟಿನ ಆಕಾರದ ಬಂಡೆ ಇತ್ತು. ಅದಕ್ಕೆ ನನ್ನ ಕಂಬಳಿ ಶಾಶ್ವತವಾಗಿ ಅಂಟಿತ್ತು.

"ಎಷ್ಟು ಹಾಕ್ದೆ?"

"ಅವ್ವ ಹಾಕ್ತಿದ್ದಷ್ಟು."

ಅವರು ಬಂಡೆಯ ಸುತ್ತ ಒಂದು ಸುತ್ತು ಬಂದರು. "ನಿಮ್ಮವ್ವ ಮೊಸರು ಮಾಡ್ತಿದ್ಲಾ, ಬಂದೂಕಿನ ಮದ್ದು ಮಾಡ್ತಿದ್ಲಾ?"

ತುರಿಕೆಯ ಸಮಾನತೆ

ಗಾಜಿನ ಚಾಪೆ ಕತ್ತರಿಸಿದರೆ ಕಣ್ಣಿಗೆ ಕಾಣದ ಸಿಗುರು ಏಳುತ್ತದೆ. ಕುತ್ತಿಗೆ, ಮೊಣಕೈ, ಹೊಟ್ಟೆಯ ಮಡಿಕೆ, ಎಲ್ಲ ಕಡೆ ಹೊಕ್ಕು ತುರಿಸುತ್ತದೆ. ತುರಿಸಿದಷ್ಟೂ ಒಳಗೆ ಹೋಗುತ್ತದೆ. ನಮ್ಮ ಬಟ್ಟೆಯನ್ನು ಅಗಸರು ಮುಟ್ಟುವುದಿಲ್ಲ ಎಂದರು. ಕ್ಷೌರದವರು ಕುರ್ಚಿಗೆ ಗೋಣಿ ಹಾಸಿ ಕೂರಿಸಿದರು.

ಗಣಪತಿ ಹಬ್ಬಕ್ಕೆ ನಾಲ್ಕು ದಿನ ರಜೆ ಸಿಕ್ಕಿತು. ಅಕ್ಕನನ್ನು ನೋಡಲೇಬೇಕೆಂದು ಸುತ್ತು ದಾರಿ ಹಿಡಿದೆ. ಹೊಸನಗರದ ಬಸ್ಸಿನಲ್ಲಿ ನಿಲ್ಲಲು ಜಾಗ ಇರಲಿಲ್ಲ. ಹಬ್ಬದ ಜನ. ಒಂದು ಸೀಟಿನ ತುದಿಗೆ ಹೇಗೋ ಕುಳಿತು, ಮೊಣಕೈ ತುರಿಸಿದೆ. ಪಕ್ಕದವರು ಒಂದು ಗೇಣು ಸರಿದರು. ಕುತ್ತಿಗೆ ತುರಿಸಿದೆ. ಅವರು ಎದ್ದೇ ನಿಂತರು. ಹೊಟ್ಟೆಗೆ ಕೈ ಹಾಕಿದಾಗ ಹಿಂದಿನ ಸೀಟೂ ಖಾಲಿಯಾಯಿತು.

ನನ್ನ ಜಾತಿ ಕೇಳಿಕೊಂಡು ದೂರ ಸರಿದವರನ್ನು ಹುಟ್ಟಿದಾಗಿನಿಂದ ಕಂಡಿದ್ದೇನೆ. ನಮ್ಮ ಜಾತಿಗಿಂತ ಕೆಳಗೆ ಎಂದು ಇನ್ನೊಬ್ಬರಿಂದ ನಮ್ಮವರೇ ದೂರ ಸರಿದದ್ದನ್ನೂ ಕಂಡಿದ್ದೇನೆ. ಆ ದಿನ ಬಸ್ಸಿನಲ್ಲಿ ಒಡೆಯರು, ಒಕ್ಕಲು, ಭಟ್ಟರು, ಶೆಟ್ಟರು ಎಲ್ಲರೂ ಕೂಡಿ, ಯಾವ ಭೇದವೂ ಇಲ್ಲದೆ ನನ್ನಿಂದ ಸಮಾನವಾಗಿ ದೂರ ನಿಂತರು. ಇಂಥ ಒಗ್ಗಟ್ಟನ್ನು ತರಲು ನಾನು ಹತ್ತು ವರ್ಷ ಊರೂರು ಅಲೆದಿದ್ದೆ.

ಹೊಸನಗರದವರೆಗೆ ಮೂರು ಜನರ ಸೀಟಿನಲ್ಲಿ ಕಾಲು ಚಾಚಿ ಮಲಗಿ ಹೋದೆ. ಸುಖ ಅಲ್ಲಿಗೇ ಮುಗಿಯಿತು. ನಿಟ್ಟೂರು ದಾಟಿ ಕಾಡಿಗೆ ಹೊಕ್ಕರೆ ಹಳ್ಳ ಏರಿತ್ತು. ಮರದ ಸಂಕ ತೇಲಿ ಹೋಗಿತ್ತು. ಇಡೀ ಮಧ್ಯಾಹ್ನ ದಡದಲ್ಲಿ ಕುಳಿತೆ. ನೀರು ಇಳಿಯಲಿಲ್ಲ. ಅಕ್ಕನಿಗೆಂದು ಕಟ್ಟಿಕೊಂಡು ಬಂದಿದ್ದ ಬಳೆಯ ಪೊಟ್ಟಣವನ್ನು ಸೊಂಟದಿಂದ ತೆಗೆದು ನೋಡಿ, ಮತ್ತೆ ಕಟ್ಟಿಕೊಂಡು ಹಿಂದೆ ತಿರುಗಿದೆ.

ಮರುದಿನ ಹೊಸನಗರದಲ್ಲಿ ಅದೇ ಬಸ್ಸು, ಅದೇ ಕಂಡಕ್ಟರು. ನನ್ನ ಸಪ್ಪೆ ಮುಖ ನೋಡಿ ಏನನ್ನಿಸಿತೋ, ಒಳಗೆ ಬಗ್ಗಿ ಹೇಳಿದ: "ನಿನ್ನೆಯವ್ರು ಬಂದ್ರು. ಮೂರನೇ ಸೀಟು ಖಾಲಿ ಮಾಡಿ."

ಮೂರನೇ ಮಾತಿಗೆ ಒಪ್ಪಿದ ಯಜಮಾನರು

ಆ ಹಳ್ಳದ ದಡದಲ್ಲಿ ಹುಟ್ಟಿದ ಸಿಟ್ಟು ಮುಷ್ಕರವಾಯಿತು. ನಮ್ಮ ಬೇಡಿಕೆ ಮೂರು. ತಿಂಗಳಿಗೆ ಎರಡು ಸೋಪು. ಮೈಗೆ ಹಚ್ಚಲು ಕೊಬ್ಬರಿ ಎಣ್ಣೆ. ಭಾನುವಾರ ಶೆಡ್ಡು ಮತ್ತು ತಳದಲ್ಲಿ ಉಳಿದ ರಾಳ, ತುಂಡು ಚಾಪೆ, ನಮ್ಮ ಸ್ವಂತ ಕೆಲಸಕ್ಕೆ. ಮೂರನೆಯದು ದೋಣಿಗೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಆಚಾರ್ರಿಗೆ ಮಾತ್ರ ಗೊತ್ತಿತ್ತು.

ಭಾಷಣವನ್ನು ಎಂಟು ದಿನ ಕಲಿತಿದ್ದೆ. ಅಣೆಕಟ್ಟಿನಿಂದ ಶುರುವಾಗಿ, ಒಡೆಯರನ್ನು ಹಾದು, ಸೋಪಿಗೆ ಬರುವ ಭಾಷಣ. ಸೋಮವಾರ ಬೆಳಿಗ್ಗೆ ಎಲ್ಲರೂ ರಾಳಕ್ಕೆ ಹೆಪ್ಪು ಬೆರೆಸಿ ಬ್ರಷ್ಷು ಅದ್ದಿದ ಹೊತ್ತಿಗೆ ಡ್ರಮ್ಮಿನ ಮೇಲೆ ಹತ್ತಿ ನಿಂತೆ. "ಕೆಲಸ ನಿಲ್ಲಿಸಿ" ಎಂದೆ. ನಿಲ್ಲಿಸಿದರು. ಬ್ರಷ್ಷುಗಳನ್ನು ಬಕೀಟಿನಲ್ಲೇ ಬಿಟ್ಟು ಕೈಕಟ್ಟಿ ನಿಂತರು. ನನಗೆ ಹೆಮ್ಮೆಯಾಯಿತು.

ಯಜಮಾನರು ಹೊರಗೆ ಬಂದರು. ನಾನು ಬೇಡಿಕೆ ಓದಿದೆ. ಅವರು "ಆಯ್ತು" ಅಂದರು.

ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಎಂಟು ದಿನದ ಭಾಷಣ ಗಂಟಲಿಗೆ ಬಂದು ನಿಂತಿತ್ತು. ಅಣೆಕಟ್ಟಿನಿಂದ ಶುರುಮಾಡಿದೆ. ಯಜಮಾನರು ಮತ್ತೆ "ಆಯ್ತಲ್ಲ ಮಾರಾಯ" ಅಂದರು. ನಾನು ಒಡೆಯರಿಗೆ ಬಂದಿದ್ದೆ. ಅವರು ಬಕೀಟುಗಳ ಕಡೆ ಕೈ ತೋರಿಸಿ ಏನೋ ಹೇಳಿದರು. ಬಂಡವಾಳಗಾರರ ಬೆದರಿಕೆ ಎಂದು ತಿಳಿದು ದನಿ ಏರಿಸಿದೆ. ಸೋಪಿಗೆ ಬಂದು ಮುಗಿಸುವಾಗ ಕಾಲು ಗಂಟೆ ಆಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿ ಕೆಲಸಕ್ಕೆ ಬಗ್ಗಿದರು.

ಐದು ಬಕೀಟಿನಲ್ಲಿ ಐದು ಬ್ರಷ್ಷು ನೆಟ್ಟ ಕಂಬದ ಹಾಗೆ ನಿಂತಿದ್ದವು. ಎಳೆದರೆ ಬಕೀಟೇ ಮೇಲೆ ಬರುತ್ತಿತ್ತು.

"ನಾನು ಮೂರನೇ ಮಾತಿಗೇ ಒಪ್ಪಿದ್ದೆ" ಎಂದರು ಯಜಮಾನರು. "ನೀನು ಬಿಡ್ಲಿಲ್ಲ."

ಆಚಾರ್ರು ಒಂದು ಬಕೀಟನ್ನು ಬ್ರಷ್ಷಿನ ಹಿಡಿಯಿಂದ ಎತ್ತಿ, ಅಲ್ಲಾಡಿಸಿ ನೋಡಿ, ನನ್ನ ಕೈಗೆ ಕೊಟ್ಟರು. "ತಗೋ, ಮುಂದಿನ ಸಭೆಗೆ ಮೇಜು ಗುದ್ದೋಕೆ."

ನಕ್ಷೆಯಲ್ಲಿ ಇಲ್ಲದ ಅಕ್ಕ

ಹಿನ್ನೀರಿನಲ್ಲಿ ದೋಣಿ ಬಿಡಲು ಅಪ್ಪಣೆ ಬೇಕು ಎಂದರು. ಅರ್ಜಿ ಬರೆದೆ. ನೋಟೀಸಿನಲ್ಲಿ ಕಲಿತ ಕನ್ನಡ ಅದು, ಸ್ವಲ್ಪ ಗದರಿಸುವ ಹಾಗೆಯೇ ಇರುತ್ತಿತ್ತು. ಅಣೆಕಟ್ಟಿನ ಆಫೀಸಿನ ಬಾಗಿಲಲ್ಲಿ ಜವಾನ ಚಪ್ಪಲಿ ಹೊರಗೆ ಬಿಡಿ ಅಂದ. "ನಿಮ್ಮ ಸಾಹೇಬ್ರು ಬೂಟು ಬಿಟ್ಟು ಕೂತಿದಾರಾ?" ಎಂದು ಕೇಳಿ ಒಳಗೆ ನಡೆದೆ.

ಸಾಹೇಬರು ಅರ್ಜಿ ಓದಿದರು. "ದೋಣಿ ಬಣ್ಣ ಕೆಂಪು. ಎಂತಕ್ಕೆ ಕೆಂಪು? ಯಾವ್ದಾದ್ರೂ ಪಕ್ಷದ್ದಾ?"

"ಬಸ್ಸಿನ ಕೆಂಪು ಸಾರ್. ಮಡ್‌ಗಾರ್ಡಿಗೆ ತಂದದ್ದು ಉಳಿದಿದೆ."

"ಎಲ್ಲಿಗೆ ಹೋಗೂದು?"

ಅಕ್ಕನ ಊರು ಹೇಳಿದೆ. ಅವರು ದೊಡ್ಡ ನಕ್ಷೆ ಬಿಡಿಸಿ ಬೆರಳಾಡಿಸಿದರು. "ಆ ಊರು ಇಲ್ವಲ್ಲ. ಖಾಲಿ ಮಾಡಿಸಿದೀವಿ."

"ಕೆಳಗಿನ ಕೇರಿ ಖಾಲಿ ಮಾಡ್ಸಿದ್ರಿ. ಮೇಲಿನ ಕೇರಿಗೆ ನೀರು ಬರ್ಲಿಲ್ಲ. ಅವ್ರು ಅಲ್ಲೇ ಇದಾರೆ. ನಮ್ಮಕ್ಕ ಅಲ್ಲೇ ಇದಾಳೆ."

"ನಕ್ಷೆ ಪ್ರಕಾರ ಅಲ್ಲಿ ಯಾರೂ ಇಲ್ಲ."

ಇನ್ನೊಂದು ಕಾಲದಲ್ಲಿ ಅವರ ಮೇಜೂ ಮುರಿಯುತ್ತಿತ್ತು. ಆದರೆ ಆಗ ನನಗೆ ಬೇಕಾಗಿದ್ದದ್ದು ಜಯವಲ್ಲ, ದೋಣಿ. ಮೆಲ್ಲಗೆ ಕೇಳಿದೆ: "ಸಾರ್, ಇಲ್ಲದ ಊರಲ್ಲಿ ಇಲ್ಲದ ಅಕ್ಕನ ಹತ್ರ ಹೋಗೂಕೆ ಯಾವ ಕಾನೂನಲ್ಲಿ ಅಪ್ಪಣೆ ಬೇಕು?"

ಸಾಹೇಬರು ನಕ್ಷೆ ಮಡಚಿ ಪೆನ್ನು ತೆಗೆದರು. ಆಮೇಲೆ ಅರ್ಜಿಯ ಅಂಚಿನಲ್ಲಿ ದುಂಡಗೆ ಬರೆದರು: ಅಪ್ಪಣೆಯ ಅಗತ್ಯ ಕಂಡುಬರುವುದಿಲ್ಲ.

ಸರ್ಕಾರದಿಂದ ನಾನು ಗೆದ್ದ ಒಂದೇ ಕಾಗದ ಅದು. ಅಕ್ಕ ಇಲ್ಲ ಎಂದು ಒಪ್ಪಿಕೊಂಡು ಗೆದ್ದದ್ದು.

ಒಲೆಯ ಮುಂದೆ

ಶಿವರಾತ್ರಿ ಕಳೆದು ಬಿಸಿಲು ಬಿದ್ದ ಮೇಲೆ ದೋಣಿ ಶುರುಮಾಡಿದೆವು. ದೋಣಿಗೆ ಅಚ್ಚು ಕೆತ್ತಲು ಮರವೂ ಇಲ್ಲ, ತಿಂಗಳುಗಟ್ಟಲೆ ಹೊತ್ತೂ ಇಲ್ಲ. ಆಚಾರ್ರೇ ದಾರಿ ಹೇಳಿದರು. ಮುಳುಗಡೆಯಿಂದ ಕೆಲಸ ಹೋದ ಒಬ್ಬ ಅಂಬಿಗರ ಹಳೆಯ ಮರದ ದೋಣಿ ಬಿರುಕು ಬಿಟ್ಟು ಬಿದ್ದಿತ್ತು. ಅದನ್ನು ಹೊತ್ತು ತಂದು, ಶೆಡ್ಡಿನ ಮುಂದೆ ಕವುಚಿ ಹಾಕಿ, ಬಿರುಕಿಗೆ ಮಣ್ಣು ಮೆತ್ತಿದೆವು. ಅದರ ಬೆನ್ನಿನ ಮೇಲೆಯೇ ನಮ್ಮ ದೋಣಿ.

ಈ ಸಲ ಆಚಾರ್ರು ಕ್ರಮ ತಪ್ಪಲಿಲ್ಲ. ಒಂದು ಮಡ್‌ಗಾರ್ಡಿನ ಅವಮಾನ ಅವರಿಗೆ ವರ್ಷವಿಡೀ ನೆನಪಿತ್ತು. "ಮೊದ್ಲು ಮೇಣ" ಎಂದು ಜೋರಾಗಿ ಹೇಳಿ ಮೇಣ ಸವರಿಸಿದರು. "ಆಮೇಲೆ ಬಣ್ಣ" ಎಂದು ಹೇಳಿ ಕೆಂಪು ಬಳಿಸಿದರು. "ಆಮೇಲೆ ಚಾಪೆ, ರಾಳ." ನಾಲ್ಕು ಭಾನುವಾರ ಹಿಡಿಯಿತು. ಹೆಪ್ಪನ್ನು ಹನಿ ಎಣಿಸಿ ಹಾಕಿದೆ. ಐದನೇ ಭಾನುವಾರ ಆರು ಜನ ಸೇರಿ ಎಬ್ಬಿಸಿ, ಮಗುಚಿ ಹಾಕಿದೆವು.

ಹೊರಗೆ ಒಂದು ಹನಿ ಕೆಂಪಿಲ್ಲ. ಚಾಪೆಯ ಸಿಗುರು ಮುಳ್ಳುಹಂದಿಯ ಹಾಗೆ ಎದ್ದು ನಿಂತಿತ್ತು. ಒಳಗೆ ಮಾತ್ರ ಕೆಂಪೋ ಕೆಂಪು, ಮುಖ ಕಾಣುವಷ್ಟು ಹೊಳಪು. ತಗ್ಗಿನ ಅಚ್ಚಿನಲ್ಲಿ ಮಾಡಿದರೆ ಮೊದಲು ಬಳಿದದ್ದು ಹೊರಗೆ ಬರುತ್ತದೆ. ನಾವು ಉಬ್ಬಿನ ಮೇಲೆ ಮಾಡಿದ್ದೆವು. ಮೊದಲು ಬಳಿದದ್ದು ಒಳಗೇ ಉಳಿಯಿತು.

ನೋಡಲು ಬಂದಿದ್ದ ಯಜಮಾನರು ಬಾಯಿಗೆ ಟವೆಲು ಅಡ್ಡ ಹಿಡಿದರು. ಆಚಾರ್ರು ದೋಣಿಯನ್ನು ನೋಡಿ, ಯಜಮಾನರನ್ನು ನೋಡಿ ಹೇಳಿದರು: "ನಿಮ್ಮ ಕ್ರಮ ತಪ್ಪಿದ್ರೂ ಬಣ್ಣ ಒಳಗೆ. ನಿಮ್ಮ ಕ್ರಮ ಹಿಡಿದ್ರೂ ಬಣ್ಣ ಒಳಗೆ. ಹಂಗಿದ್ರೆ ಒಂದು ವರ್ಷ ನನ್ನನ್ನ ಯಾಕೆ ಬೈದ್ರಿ?"

ಗಾಡಿಯಲ್ಲಿ ಹೇರಿ ಹಿನ್ನೀರಿಗೆ ತಂದೆವು. ನೀರಿಗೆ ನೂಕಿದವರೆಲ್ಲ ಮೊಣಕೈವರೆಗೆ ತುರಿಸುತ್ತ ಹಿಂದೆ ಹೋದರು. ದೋಣಿ ತೇಲಿತು. ಒಂದು ಹನಿ ನೀರು ಒಳಗೆ ಬರಲಿಲ್ಲ. ಆಚಾರ್ರು ಹುಟ್ಟು ಹಿಡಿದರು. ನಾನು ಮುಂದೆ ಕುಳಿತೆ. ಸೊಂಟದಲ್ಲಿ ಅದೇ ಬಳೆಯ ಪೊಟ್ಟಣ.

ಬೋಳು ಮರಗಳ ತುದಿಗಳ ನಡುವೆ ಒಂದು ಗಂಟೆಯಾದರೂ ಹೋಗಿರಬಹುದು. ಆಚೆ ದಡ ಹತ್ತಿರ ಬಂದಾಗ ಎದ್ದು ನಿಂತು ಕೂ ಹಾಕಿದೆ. ಉತ್ತರ ಇಲ್ಲ. ಮತ್ತೆ ಹಾಕಿದೆ. ಗುಡ್ಡದ ಮೇಲಿನಿಂದ ಒಂದು ಕೂ ಬಂತು. ಅದು ಅವ್ವನ ಕೂ ಆಗಿತ್ತು. ಇಷ್ಟು ವರ್ಷದಲ್ಲಿ ಅಕ್ಕನ ದನಿ ಅವ್ವನ ದನಿಯಾಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಅಕ್ಕ ಸೊಪ್ಪಿನ ಹೊರೆಯನ್ನು ದಾರಿಯಲ್ಲೇ ಎಸೆದು ಇಳಿದು ಬಂದಳು. ತಲೆ ಅರ್ಧ ಬೆಳ್ಳಗಾಗಿತ್ತು. ನೀರಿನಂಚಿನಲ್ಲಿ ನಿಂತು ನನ್ನನ್ನು ನೋಡಲಿಲ್ಲ, ದೋಣಿಯನ್ನು ನೋಡಿದಳು.

"ತಮಾ, ಉಲ್ಟಾ ಹಾಕ್ಕಂಡ ಅಂಗಿ ಹಾಂಗಿದೆಯಲ್ಲನಾ ಇದು. ನೀ ಸಣ್ಣಕಿದ್ದಾಗೂ ಹಿಂಗೇ."

ಅಷ್ಟೇ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಬಳೆ ಕೊಟ್ಟೆ. ಕೈಗೆ ಏರಲಿಲ್ಲ. ಕೆಲಸ ಮಾಡಿ ಮಾಡಿ ಕೈ ದೊಡ್ಡದಾಗಿತ್ತು. ಪೊಟ್ಟಣವನ್ನು ಮಡಿಲಿಗೆ ಕಟ್ಟಿಕೊಂಡು, ಮನೆಗೆ ಬಾ ಎನ್ನುವ ಬದಲು ದೋಣಿ ಹತ್ತಿ ಕುಳಿತಳು.

"ಮನೆಗೆ ಹೋಗನ" ಅಂದಳು.

"ಯಾವ ಮನೆಗೆ?"

"ನಮ್ಮನೆಗೆ."

ಅವಳನ್ನು ಕೊಟ್ಟ ಮನೆ ಗುಡ್ಡದ ಮೇಲಿತ್ತು. ಅವಳ ಬೆರಳು ನೀರಿನ ಕಡೆ ಇತ್ತು. ಆಚಾರ್ರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

ದಾರಿ ಅವಳೇ ಹೇಳಿದಳು. ನೀರು ಇಳಿದಿದ್ದರಿಂದ ನಮ್ಮ ಹಿತ್ತಿಲ ಹಲಸಿನ ಮರದ ಒಣಗಿದ ತಲೆ ಒಂದು ಆಳೆತ್ತರ ಹೊರಗೆ ಕಾಣುತ್ತಿತ್ತು. ಅದನ್ನು ಮುಟ್ಟಿದೆವು. "ಇಲ್ಲಿಂದ ಹಿಂಬಾಗ್ಲಿಗೆ ಇಪ್ಪತ್ತು ಹೆಜ್ಜೆ" ಎಂದಳು ಅಕ್ಕ. ಇಪ್ಪತ್ತೈದು ಎಂದೆ ನಾನು. "ನಿಂದು ಸಣ್ಣ ಕಾಲು ಆವಾಗ" ಎಂದು ನನ್ನ ಬಾಯಿ ಮುಚ್ಚಿಸಿದಳು. ಹೆಜ್ಜೆಗೆ ಹುಟ್ಟಿನ ಹೊಡೆತ ಎಷ್ಟು ಎಂದು ಆಚಾರ್ರಿಗೂ ಅವಳಿಗೂ ಚರ್ಚೆಯಾಯಿತು. "ಎಡಕ್ಕೆ, ಇನ್ನೂ ಎಡಕ್ಕೆ. ಅದು ಕೊಟ್ಟಿಗೆ ಆಚಾರ್ರೇ, ದನದ ಮೇಲೆ ಹೋಗ್ತಿದೀರಿ." ಆಚಾರ್ರು ಸುಮ್ಮನೆ ಎಡಕ್ಕೆ ಒತ್ತಿದರು. "ಇದು ಜಗಲಿ. ಬಗ್ಗಿ ಬನ್ನಿ, ಬಾಗ್ಲು ಗಿಡ್ಡ." ಆಚಾರ್ರು ನಿಜಕ್ಕೂ ತಲೆ ಬಗ್ಗಿಸಿದರು.

"ನಿಲ್ಸಿ" ಎಂದಳು.

ದೋಣಿ ನಿಂತಿತು. ಸುತ್ತ ನೀರು ಬಿಟ್ಟರೆ ಏನೂ ಇರಲಿಲ್ಲ. ಅಕ್ಕ ಸೆರಗು ಹೊದ್ದು, ಅಂಚಿಗೆ ಬಗ್ಗಿ ಕೆಳಗೆ ನೋಡಿದಳು. ಆಮೇಲೆ ತಿರುಗಿ ನನ್ನ ಕಾಲು ನೋಡಿದಳು.

"ಎಲ್ಲಿ ಕೂತಿದೀ ಗೊತ್ತನಾ?"

"ಒಳಗೆ" ಎಂದೆ.

"ಅವ್ವನ ಒಲೆ ಮುಂದೆ. ಚಪ್ಪಲಿ ಹಾಕ್ಕಂಡು."

ಒಡೆಯರ ಮುಂದೆ, ಅಮಲ್ದಾರರ ಮುಂದೆ, ಪೊಲೀಸ್ ಸ್ಟೇಷನ್ನಿನಲ್ಲಿ, ನಕ್ಷೆಯ ಸಾಹೇಬರ ಮುಂದೆ ಬಿಡದ ಚಪ್ಪಲಿ. ಬಿಟ್ಟೆ. ಹಿಂದೆ ಕುಳಿತಿದ್ದ ಆಚಾರ್ರೂ ತಮ್ಮವನ್ನು ಮೆಲ್ಲಗೆ ಬಿಟ್ಟು, ನನ್ನ ಕಡೆ ನೂಕಿ, ಏನೂ ಆಗದವರ ಹಾಗೆ ಹುಟ್ಟು ಹಿಡಿದುಕೊಂಡರು.

"ಎಲ್ಲಿಡ್ಲಿ?" ಎಂದು ಕೇಳಿದೆ.

"ಹೊರಗೆ."

ದೋಣಿಗೆ ಹೊರಗೆ ಎಂದರೆ ನೀರು. ನನ್ನ ಜೋಡಿ ಒಂದು ಕೈಯಲ್ಲಿ, ಆಚಾರ್ರ ಜೋಡಿ ಇನ್ನೊಂದು ಕೈಯಲ್ಲಿ ಹಿಡಿದು, ಎರಡೂ ತೋಳನ್ನು ದೋಣಿಯ ಅಂಚಿನಿಂದ ಆಚೆ ಚಾಚಿ ಕುಳಿತೆ. ಅಪ್ಪ ಒಡೆಯರ ಅಂಗಳದಲ್ಲಿ ನಿಲ್ಲುತ್ತಿದ್ದ ಹಾಗೆ. ಅಕ್ಕ ನೀರಿಗೆ ಮುಖ ಮಾಡಿ ಅವ್ವನ ಹತ್ತಿರ ಮಾತು ತೆಗೆದಳು. ಅವ್ವ ಹೋದ ಸುದ್ದಿ ತನಗೆ ತಡವಾಗಿ ಮುಟ್ಟಿದ ಮಾತಿನಿಂದ ಶುರುಮಾಡಿದಳು. ಆಕಳು ಕರು ಹಾಕಿದ್ದು, ಭಾವನ ಕೆಮ್ಮು, ಬೇಲಿ ಹಾರುವ ಪಕ್ಕದ ಮನೆಯ ಎಮ್ಮೆ, ಎಲ್ಲ ಒಂದೊಂದಾಗಿ ಬಂದವು.

ದೋಣಿಯ ಹೊರಮೈ ನನ್ನ ಎರಡೂ ತೋಳಿಗೆ ಉಜ್ಜುತ್ತಿತ್ತು. ಗಾಜಿನ ಸಿಗುರು ಒಂದೊಂದೇ ಒಳಗೆ ಹೊಕ್ಕು ಪ್ರಾಣ ಹೋಗುವಷ್ಟು ತುರಿಸುತ್ತಿತ್ತು. ತುರಿಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಚಪ್ಪಲಿ. ಅಕ್ಕ ಆಗಷ್ಟೇ ಮೊದಲನೇ ವರ್ಷದ ಸುದ್ದಿ ಮುಗಿಸಿ ಎರಡನೆಯದಕ್ಕೆ ಬಂದಿದ್ದಳು.